ಕೊಲಂಬೊದ ಕೊಂಬು ಎಲ್ಲಿ ಹೋಯಿತು?

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಒಬ್ಬರು ಶ್ರೀಲಂಕಾ ಪ್ರವಾಸದ ಪುಸ್ತಕ ತಂದುಕೊಟ್ಟಿದ್ದಾರೆ. ಕನ್ನಡದ ಪುಸ್ತಕವೇ, ಆದರೆ ಊರಿನ ಹೆಸರು ಬಂದ ಕಡೆಯೆಲ್ಲ ಪಕ್ಕದಲ್ಲಿ ಸಿಂಹಳದಲ್ಲೂ ಇರಬೇಕು ಅಂತ ಅವರ ಆಸೆ. ಕೊಲಂಬೊ ಹೆಸರು ಹತ್ತಾರು ಕಡೆ ಬರುತ್ತದೆ. ಸೈಜ್ ಬದಲಿಸೋಣ ಅಂತ ಫೈಂಡ್ ಕೊಟ್ಟರೆ ಅರ್ಧ ಮಾತ್ರ ಸಿಗುತ್ತವೆ. ಉಳಿದವು ಕಣ್ಣೆದುರಿಗೇ ಇವೆ, ಕಂಪ್ಯೂಟರ್ ಮಾತ್ರ ಇಲ್ಲ ಅನ್ನುತ್ತದೆ. ಫಾಂಟ್ ಒಂದೇ. ಎರಡನ್ನೂ ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನನಗೆ ಸಿಂಹಳ ಬರುವುದಿಲ್ಲ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಕಣ್ಣಿನಲ್ಲೂ ತಪ್ಪಿಲ್ಲ, ಫಾಂಟಿನಲ್ಲೂ ತಪ್ಪಿಲ್ಲ. ಒಂದೇ ಅಕ್ಷರವನ್ನು ಎರಡು ರೀತಿಯಲ್ಲಿ ಟೈಪ್ ಮಾಡಿದ್ದಾರೆ, ಅಷ್ಟೇ. ಬಹುಶಃ ಇಬ್ಬರು ಟೈಪ್ ಮಾಡಿರಬೇಕು, ಇಲ್ಲವೇ ಒಬ್ಬರೇ ಎರಡು ಜಾಗದಿಂದ ಕಾಪಿ ಮಾಡಿ ತಂದಿರಬೇಕು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪ್ಯೂಟರಿಗೆ ಅಕ್ಷರ ಅಂದರೆ ಒಂದು ಸಂಖ್ಯೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನುವ ದೊಡ್ಡ ಪಟ್ಟಿಗೆ ಯೂನಿಕೋಡ್ ಅಂತ ಹೆಸರು. ಅದರಲ್ಲಿ ನಮ್ಮ ಲಿಪಿಗಳಿಗೆಲ್ಲ 128 ಮನೆಗಳ ಒಂದೊಂದು ಬೀದಿ ಕೊಟ್ಟಿದ್ದಾರೆ. ಕನ್ನಡದ ಬೀದಿ 3200ರಿಂದ 3327. ಪಕ್ಕದ ಬೀದಿ ಮಲಯಾಳ, 3328ರಿಂದ 3455. ಅದರ ಪಕ್ಕದ್ದೇ ಸಿಂಹಳ, 3456ರಿಂದ 3583. (ಕಂಪ್ಯೂಟರ್ ಮಂದಿ ಇದನ್ನು ಹದಿನಾರರ ಲೆಕ್ಕದಲ್ಲಿ ಬರೆಯುತ್ತಾರೆ. ನಾನು ಸಂತೆಯ ಲೆಕ್ಕದಲ್ಲೇ, ಅಂದರೆ ಹತ್ತರಲ್ಲೇ ಹೇಳುತ್ತೇನೆ.)

ಕೊಲಂಬೊಗೆ ಸಿಂಹಳದವರು ಕೊಳಂಬ ಅನ್ನುತ್ತಾರೆ. ಬರೆಯುವಾಗ ಮೂರೇ ಅಕ್ಷರ. ಕೊ, ಳ, ಆಮೇಲೆ ಂಬ. ಈ ಂಬ ಅವರಿಗೆ ಒಂದೇ ಅಕ್ಷರ, ಮೂಗಿನಲ್ಲಿ ಅರ್ಧ ಎಳೆದು ಹೇಳುವ ಬ, ಅದಕ್ಕೆ ಅಂಬ ಬಯನ್ನ ಅಂತ ಹೆಸರೂ ಇದೆ. ಈಗ ನಮಗೆ ಬೇಕಾದ್ದು ಮೊದಲಿನ ಕೊ. ಕ ಅಕ್ಷರದ ಎಡಗಡೆ ಒಂದು ಸುರುಳಿ ಇದೆಯಲ್ಲ, ಅದು ಕೊಂಬುವ. ಬಲಗಡೆ ನಿಂತಿರುವ ಗೆರೆ ಏಲ-ಪಿಲ್ಲ. ಕೊಂಬುವ ಒಂದೇ ಇದ್ದರೆ ಎ, ಕೆ ಆಗುತ್ತದೆ. ಏಲ-ಪಿಲ್ಲ ಒಂದೇ ಇದ್ದರೆ ಕಾ. ಎರಡೂ ಸೇರಿ ಮಧ್ಯದಲ್ಲಿ ಕ ಸಿಕ್ಕಿಹಾಕಿಕೊಂಡರೆ ಕೊ. ಆ ಚಿಹ್ನೆಯ ಹೆಸರೇ ಕೊಂಬುವ ಹಾ ಏಲ-ಪಿಲ್ಲ, ಅಂದರೆ ಕೊಂಬುವ ಮತ್ತು ಏಲ-ಪಿಲ್ಲ.

ಯೂನಿಕೋಡ್ ಪಟ್ಟಿಯಲ್ಲಿ ಕೊಂಬುವ 3545. ಏಲ-ಪಿಲ್ಲ 3535. ಇವೆರಡೂ ಸೇರಿದ ಒ ಚಿಹ್ನೆಗೂ ಒಂದು ಪ್ರತ್ಯೇಕ ಮನೆ ಇದೆ, 3548. ಇಲ್ಲೇ ನೋಡಿ ಎರಡು ದಾರಿ ಹುಟ್ಟಿಕೊಂಡದ್ದು. ಒಬ್ಬ ಕೊಳಂಬವನ್ನು 3482, 3548, 3525, 3513 ಅಂತ ಬರೆಯಬಹುದು, ನಾಲ್ಕು ಸಂಖ್ಯೆ. ಇನ್ನೊಬ್ಬ 3482, 3545, 3535, 3525, 3513 ಅಂತ ಬರೆಯಬಹುದು, ಐದು ಸಂಖ್ಯೆ. ತೆರೆಯ ಮೇಲೆ ಮೂಡುವುದು ಒಂದೇ ಚಿತ್ರ. ಫೈಂಡ್ ಹುಡುಕುವುದು ಚಿತ್ರವನ್ನಲ್ಲ, ಸಂಖ್ಯೆಗಳ ಸಾಲನ್ನು. ನೀವು ನಾಲ್ಕರದ್ದನ್ನು ಕೊಟ್ಟರೆ ಅದು ಐದರದ್ದನ್ನು ದಾಟಿಕೊಂಡು ಹೋಗುತ್ತದೆ.

ನಂಬಿಕೆ ಬರದಿದ್ದರೆ ಎಕ್ಸೆಲ್ ತೆಗೆಯಿರಿ. ಯೂನಿಚಾರ್ ಅಂತ ಒಂದು ಫಾರ್ಮುಲಾ ಇದೆ, ಅದಕ್ಕೆ ಸಂಖ್ಯೆ ಕೊಟ್ಟರೆ ಅಕ್ಷರ ಕೊಡುತ್ತದೆ. ಒಂದು ಖಾನೆಯಲ್ಲಿ ಮೇಲಿನ ನಾಲ್ಕನ್ನು ಜೋಡಿಸಿ, ಇನ್ನೊಂದರಲ್ಲಿ ಐದನ್ನು. ಎರಡರಲ್ಲೂ ಕೊಳಂಬ ಕಾಣುತ್ತದೆ. ಈಗ ಲೆನ್ ಫಾರ್ಮುಲಾ ಹಾಕಿ ಉದ್ದ ಕೇಳಿ. ಒಂದಕ್ಕೆ 4, ಇನ್ನೊಂದಕ್ಕೆ 5.

ಇದು ಸಿಂಹಳದ ರೋಗ ಅಂದುಕೊಳ್ಳಬೇಡಿ, ನಮ್ಮ ಮನೆಯಲ್ಲೂ ಇದೆ. ಕನ್ನಡದ ಓತ್ವ, ಅಂದರೆ ಕೊ ಒಳಗಿನ ಚಿಹ್ನೆ, 3274. ಅದನ್ನೇ ಏತ್ವ 3270 ಮತ್ತು ಊಕಾರದ ಚಿಹ್ನೆ 3266 ಅಂತ ಒಡೆದೂ ಬರೆಯಬಹುದು. ಕೋ ಇನ್ನೂ ಮಜಾ. ಅದರ ಚಿಹ್ನೆ 3275, ಒಡೆದರೆ ಮೂರು ತುಂಡು: 3270, 3266, ಕೊನೆಗೆ ದೀರ್ಘದ ಗುರುತು 3285. ಸಿಂಹಳದ ಕೋ ಕೂಡ ಹಾಗೆಯೇ ಮೂರು ತುಂಡಾಗುತ್ತದೆ: ಕೊಂಬುವ, ಏಲ-ಪಿಲ್ಲ, ಅದರ ತಲೆಯ ಮೇಲೆ ಅಲ್-ಲಕುಣ, ಅಂದರೆ ಅವರ ಹಲಂತದ ಗುರುತು. ಚಿಕ್ಕಂದಿನಲ್ಲಿ ಕಾಗುಣಿತ ಹೇಳಿಕೊಟ್ಟ ಮೇಷ್ಟ್ರು ನೆನಪಾಗುತ್ತಾರೆ. ಕ ಏತ್ವ ಕೆ, ಏತ್ವದ ದೀರ್ಘ ಕೇ, ಓತ್ವದ ದೀರ್ಘ ಕೋ. ಅವರು ಬಾಯಲ್ಲಿ ಒಡೆದು ಹೇಳಿದ್ದನ್ನೇ ಯೂನಿಕೋಡ್ ಪಟ್ಟಿಯಲ್ಲಿ ಒಡೆದು ಬರೆದಿದ್ದಾರೆ. ಪೂರ್ತಿ ಹಾಗೇ ಅಲ್ಲ. ಮೇಷ್ಟ್ರ ‘ಕ ಕೊಂಬಿನ ಇಳಿ ಕೂ’ ಪಟ್ಟಿಯಲ್ಲಿ ಒಡೆಯುವುದಿಲ್ಲ, ಅದು ಇಡೀ ಕಾಯಿ.

ಎರಡು ವರ್ಷದ ಹಿಂದೆ ನಾನೇ ಇದಕ್ಕೆ ಸಿಕ್ಕಿಬಿದ್ದಿದ್ದೆ. ಗೆಳೆಯನೊಬ್ಬ ಜಿಪ್ ಕಳಿಸಿದ್ದ, ಒಳಗೆ ನಲವತ್ತು ಫೈಲು. ‘ಲೇಖನ’ ಅಂತ ಹುಡುಕಿದರೆ ಒಂದೂ ಇಲ್ಲ. ಫೋನ್ ಮಾಡಿ ‘ಏನೂ ಕಳಿಸಿಲ್ವಲ್ಲಯ್ಯ’ ಅಂತ ರೇಗಾಡಿದೆ. ಅವನ ಹಳೆಯ ಕಂಪ್ಯೂಟರು ಫೈಲಿನ ಹೆಸರನ್ನೆಲ್ಲ ಒಡೆದೇ ಇಟ್ಟುಕೊಳ್ಳುವ ಜಾತಿಯದು. ನಾನು ಟೈಪ್ ಮಾಡಿದ ಲೇ ಒಳಗೆ ಎರಡು ಸಂಖ್ಯೆ, ಅವನ ಲೇ ಒಳಗೆ ಮೂರು. ನಲವತ್ತು ಫೈಲೂ ನನ್ನ ಮೂಗಿನ ಕೆಳಗೇ ಕೂತಿದ್ದವು.

ಇನ್ನು ಪರಿಹಾರ. ಯೂನಿಕೋಡ್‌ನವರು ಈ ಎರಡು ಬರಹವೂ ಒಂದೇ ಅಂತ ನೋಡಬೇಕು ಅಂತ ಹೇಳಿದ್ದಾರೆ. ಹೇಳಿದ್ದನ್ನು ಎಲ್ಲ ಸಾಫ್ಟ್‌ವೇರೂ ಕೇಳಬೇಕಲ್ಲ. ಹಾಗಾಗಿ ನೀವೇ ಮೊದಲು ಎಲ್ಲವನ್ನೂ ಒಂದು ರೂಪಕ್ಕೆ ತಂದುಬಿಡಿ. ಇದಕ್ಕೆ ನಾರ್ಮಲೈಸೇಶನ್ ಅನ್ನುತ್ತಾರೆ. ಕೂಡಿಸಿದ ರೂಪಕ್ಕೆ ಎನ್‌ಎಫ್‌ಸಿ, ಒಡೆದ ರೂಪಕ್ಕೆ ಎನ್‌ಎಫ್‌ಡಿ ಅಂತ ಹೆಸರು. ಪೈಥಾನ್ ಬಲ್ಲ ಹುಡುಗರು ಯಾರಾದರೂ ಪಕ್ಕದಲ್ಲಿದ್ದರೆ ಎರಡು ಸಾಲಿನ ಕೆಲಸ, ಕಾಫಿ ಕುಡಿಸಿ ಮಾಡಿಸಿಕೊಳ್ಳಿ. ಎನ್‌ಎಫ್‌ಸಿ ಮಾಡಿಸಿ, ವೆಬ್‌ನಲ್ಲೂ ಅದೇ ರೂಢಿ.

ಒಂದು ಎಚ್ಚರಿಕೆ ಮಾತ್ರ. ತುಂಡುಗಳು ಸರಿಯಾದ ಕ್ರಮದಲ್ಲಿದ್ದರೆ ಮಾತ್ರ ಇದು ಕೂಡಿಸುತ್ತದೆ. ಕೋ ಬರೆಯುವಾಗ ಕೊಂಬುವ, ಏಲ-ಪಿಲ್ಲ, ಅಲ್-ಲಕುಣ ಅಂತ ಬಂದರೆ ಸರಿ, 3549 ಆಗುತ್ತದೆ. ಯಾರಾದರೂ ಅವಸರದಲ್ಲಿ ಅಲ್-ಲಕುಣವನ್ನು ಮೊದಲೇ ಒತ್ತಿದ್ದರೆ? ಆಗ ಕೊಂಬುವ ಮತ್ತು ಅಲ್-ಲಕುಣ ಸೇರಿ 3546, ಅಂದರೆ ಕೇ ಒಳಗಿನ ಏ ಚಿಹ್ನೆ ಆಗಿಬಿಡುತ್ತದೆ, ಏಲ-ಪಿಲ್ಲ ಅನಾಥವಾಗಿ ಹೊರಗೆ ಉಳಿಯುತ್ತದೆ. ಇಂಥದ್ದನ್ನು ಯಾವ ನಾರ್ಮಲೈಸೇಶನ್ನೂ ಸರಿಮಾಡುವುದಿಲ್ಲ, ಕೈಯಲ್ಲೇ ಹುಡುಕಿ ತಿದ್ದಬೇಕು. ಪ್ರವಾಸದ ಪುಸ್ತಕ ಅಂದಮೇಲೆ ಪೊಳೊನ್ನರುವ ಇದ್ದೇ ಇರುತ್ತದೆ. ಅದರಲ್ಲಿ ಎರಡು ಒ ಚಿಹ್ನೆ. ಅದನ್ನು ಮೊದಲು ನೋಡಿ. ಅದರ ‘ರು’ ಬಗ್ಗೆ ಕೆಳಗೆ ಬೇರೆ ಕತೆ ಇದೆ.

ಪ್ರಶ್ನೆ: ಗಲ್ಫಿನಲ್ಲಿ ಕೆಲಸ. ಊರಿಗೆ ಬರುವಾಗ ಕೊಲಂಬೊದಲ್ಲಿ ಪ್ಲೇನ್ ಬದಲಿಸುತ್ತೇನೆ. ಏರ್‌ಪೋರ್ಟಿನಲ್ಲಿ ಸಿಂಹಳ ಬೋರ್ಡು ನೋಡುವಾಗೆಲ್ಲ ನಮ್ಮ ಅಕ್ಷರವೇ ಅನ್ನಿಸುತ್ತದೆ, ಓದಲು ಹೋದರೆ ಬರುವುದಿಲ್ಲ. ಎಡಗಡೆ ಬರುವ ಆ ಸುರುಳಿಯನ್ನು ಮೊದಲು ಟೈಪ್ ಮಾಡಬೇಕೋ, ಅಕ್ಷರ ಮೊದಲೋ?

ಉತ್ತರ: ಕೈಗೆ ಕೇಳಿದರೆ ಸುರುಳಿ ಮೊದಲು. ಕಂಪ್ಯೂಟರಿಗೆ ಕೇಳಿದರೆ ಅಕ್ಷರ ಮೊದಲು. ಜಗಳ ಇರುವುದೇ ಇಲ್ಲಿ.

ಪೆನ್ನಿನಲ್ಲಿ ಬರೆಯುವ ಸಿಂಹಳದವರು ಕೊಂಬುವ ಹಾಕಿ ಆಮೇಲೆ ಕ ಬರೆಯುತ್ತಾರೆ. ಟೈಪ್‌ರೈಟರ್ ಬಂದಾಗಲೂ ಅದೇ ಕ್ರಮ, ಅದಕ್ಕೆ ಬೇರೆ ದಾರಿಯೂ ಇರಲಿಲ್ಲ, ಕಾಗದ ಎಡಕ್ಕೆ ಸರಿಯುತ್ತಾ ಹೋಗುತ್ತದೆ. ಆ ಟೈಪ್‌ರೈಟರಿನ ಮನೆತನದಿಂದ ಬಂದದ್ದೇ ವಿಜೇಸೇಕರ ಕೀಬೋರ್ಡು, ಇವತ್ತಿಗೂ ಲಂಕೆಯಲ್ಲಿ ಬೆರಳು ಪಳಗಿದ ಟೈಪಿಸ್ಟ್‌ಗಳು ಅದನ್ನೇ ಬಳಸುತ್ತಾರೆ. ಯೂನಿಕೋಡ್ ಮಾತ್ರ ಬಾಯಿಯ ಕ್ರಮ ಹಿಡಿಯಿತು. ಕೆ ಅಂದರೆ ಮೊದಲು ಕ್, ಆಮೇಲೆ ಎ. ಹಾಗಾಗಿ ಕ ಮೊದಲು, ಕೊಂಬುವ ಆಮೇಲೆ. ತೆರೆಯ ಮೇಲೆ ತೋರಿಸುವಾಗ ಕೊಂಬುವವನ್ನು ಎತ್ತಿ ಎಡಕ್ಕೆ ಕೂರಿಸುವುದು ಫಾಂಟ್ ಮತ್ತು ಅಕ್ಷರ ಜೋಡಿಸುವ ಸಾಫ್ಟ್‌ವೇರಿನ ಕೆಲಸ. 3548 ಅಂತ ಒಂದೇ ಸಂಖ್ಯೆ ಸಿಕ್ಕರೂ ಅದು ಒಳಗೊಳಗೇ ಅದನ್ನು ಸೀಳಿ, ಒಂದು ಭಾಗ ಎಡಕ್ಕೆ, ಇನ್ನೊಂದು ಬಲಕ್ಕೆ ಇಡುತ್ತದೆ. ಈ ಕೆಲಸ ಕಲಿಯದ ಹಳೆಯ ಡಿಟಿಪಿ ಸಾಫ್ಟ್‌ವೇರುಗಳಲ್ಲಿ ಸಿಂಹಳ ಅಂಟಿಸಿದರೆ ಕೊಂಬುವ ತಪ್ಪು ಅಕ್ಷರದ ಪಕ್ಕ ಹೋಗಿ ಕೂರುತ್ತದೆ, ಮದುವೆ ಮನೆಯಲ್ಲಿ ಚಪ್ಪಲಿ ಅದಲುಬದಲಾದ ಹಾಗೆ. ಥಾಯ್ ಭಾಷೆಯವರು ಇದಕ್ಕೆ ಉಲ್ಟಾ ಹೋದರು. ಅವರ ಎಡಗಡೆಯ ಸ್ವರಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ವ್ಯಂಜನಕ್ಕಿಂತ ಮೊದಲೇ, ಇಟ್ಟುಕೊಳ್ಳುತ್ತಾರೆ.

ಕನ್ನಡದವರಿಗೆ ಈ ತಲೆನೋವು ಇಲ್ಲ. ನಮ್ಮ ಚಿಹ್ನೆಗಳು ಮೇಲೆ, ಬಲಕ್ಕೆ, ಕೆಳಕ್ಕೆ ಹೋಗುತ್ತವೆ, ಎಡಕ್ಕೆ ಒಂದೂ ಹೋಗುವುದಿಲ್ಲ. ತಮಿಳು, ಮಲಯಾಳದವರಿಗೆ ಇದೆ. ತಮಿಳರು ಆ ಎಡಗಡೆಯ ಎ ಚಿಹ್ನೆಗೆ ಕೊಂಬು ಅಂತಲೇ ಅನ್ನುತ್ತಾರೆ. ನಮ್ಮಲ್ಲೂ ಕೊಂಬು ಇದೆ, ಆದರೆ ಅದು ಉ ಚಿಹ್ನೆ. ಹೆಸರು ಒಂದೇ, ಕೆಲಸ ಬೇರೆ.

ಇನ್ನೊಂದು ಮಾತು. ಕನ್ನಡ, ತೆಲುಗು, ಮಲಯಾಳ, ದೇವನಾಗರಿ ಬೀದಿಗಳಲ್ಲಿ ಮನೆಗಳ ಕ್ರಮ ಒಂದೇ, ಏಕೆಂದರೆ ಇವೆಲ್ಲ ಭಾರತದ ಇಸ್ಕೀ ಎಂಬ ಹಳೆಯ ಮಾನಕದಿಂದ ಬಂದವು. ನಮ್ಮ ಕ 3221. ಅದಕ್ಕೆ 128 ಕೂಡಿಸಿ, 3349, ಮಲಯಾಳದ ಕ ಸಿಗುತ್ತದೆ. ಅದೇ ಧೈರ್ಯದಲ್ಲಿ ಇನ್ನೊಂದು 128 ಕೂಡಿಸಿ ಸಿಂಹಳದ ಬೀದಿಗೆ ಹೋಗಿ ಬಾಗಿಲು ತಟ್ಟಿದರೆ ಕ ಇರುವುದಿಲ್ಲ, ಓ ಬಾಗಿಲು ತೆಗೆಯುತ್ತದೆ! ಸಿಂಹಳದ ಕ ಐದು ಮನೆ ಆಚೆ, 3482ರಲ್ಲಿದೆ. ಲಂಕೆಯವರು ತಮ್ಮ ಅಕ್ಷರಮಾಲೆಯ ಕ್ರಮವನ್ನೇ ಉಳಿಸಿಕೊಂಡರು. ಮನೆಗಳ ಹೆಸರೂ ಅವರದ್ದೇ. ನಮ್ಮದಕ್ಕೆ ಪಟ್ಟಿಯಲ್ಲಿ ಸುಮ್ನೆ ಕ ಅಂತ ಇದೆ, ಅವರದ್ದು ಅಲ್ಪಪ್ರಾಣ ಕಯನ್ನ. ಖ ಯಾವುದು ಅಂತ ಕೇಳಬೇಡಿ, ಮಹಾಪ್ರಾಣ ಕಯನ್ನ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕಿ. ನನ್ನ ಸೊಸೆ ಶ್ರೀಲಂಕಾದವಳು. ಅವಳ ಅಮ್ಮನಿಗೆ ಸಿಂಹಳದಲ್ಲಿ ಒಂದು ಮೆಸೇಜ್ ಹಾಕೋಣ, ಖುಷಿಪಡುತ್ತಾರೆ ಅಂತ ಕೂತೆ. ನಾನು ಟೀಚರ್ ಆಗಿದ್ದೆ ಅನ್ನಲು ಗುರುವರಿಯ ಅಂತ ಬರೆಯಬೇಕಂತೆ. ಕಾಗದದಲ್ಲಿ ಅವಳು ಬರೆದುಕೊಟ್ಟದ್ದನ್ನು ನೋಡಿಕೊಂಡು ಒಂದೊಂದೇ ಚಿಹ್ನೆ ಹುಡುಕಿ ಒತ್ತಿದೆ. ಸೊಸೆ ನೋಡಿ ‘ಅತ್ತೆ, ಇದು ಗುರು ಅಲ್ಲ’ ಅಂತ ನಕ್ಕಳು. ನನಗಂತೂ ಎರಡೂ ಒಂದೇ ಥರ ಕಾಣುತ್ತದೆ. ಎಲ್ಲಿ ಎಡವಿದೆ?

ಉತ್ತರ: ನಿಮ್ಮ ಪತ್ರ ಓದಿ ನನಗೂ ಖುಷಿಯಾಯಿತು. ನೀವು ಎಡವಿದ ಕಲ್ಲಿಗೆ ಸಿಂಹಳದವರೇ ದಿನಾ ಎಡವುತ್ತಾರೆ, ಬೇಜಾರು ಬೇಡ.

ಗುರು ಅಂತ ಅವರ ಲಿಪಿಯಲ್ಲಿ ಬರೆದಾಗ ಗು ಮತ್ತು ರು ಎರಡನ್ನೂ ಹತ್ತಿರದಿಂದ ನೋಡಿ. ಎರಡರಲ್ಲೂ ಇರುವುದು ಉ. ಆದರೆ ಚಿಹ್ನೆ ಬೇರೆ ಬೇರೆ ಥರ ಕಾಣುತ್ತದೆ. ಉ ಚಿಹ್ನೆಗೆ ಕೆಟ್ಟಿ ಪಾ-ಪಿಲ್ಲ ಅಂತ ಹೆಸರು. (ಕೆಟ್ಟಿ ಅಂದರೆ ಗಿಡ್ಡ, ಕೆಟ್ಟದ್ದಲ್ಲ.) ಕ, ಗ, ತ ಇಂಥವಕ್ಕೆ ಅದು ಒಂದು ರೂಪದಲ್ಲಿ, ಪ, ಮ ಇಂಥವಕ್ಕೆ ಇನ್ನೊಂದು ರೂಪದಲ್ಲಿ ಕೆಳಗೆ ಅಂಟಿಕೊಳ್ಳುತ್ತದೆ. ರ ಬಂದಾಗ ಮಾತ್ರ ಕೆಳಗಿಳಿಯದೆ ಬಲಗಡೆ ಬಂದು ನಿಲ್ಲುತ್ತದೆ. ಹಾಗೆ ನಿಂತಾಗ ಅದು ಥೇಟ್ ಇನ್ನೊಂದು ಚಿಹ್ನೆಯ ಹಾಗೆ ಕಾಣುತ್ತದೆ. ಆ ಇನ್ನೊಂದರ ಹೆಸರು ಕೆಟ್ಟಿ ಏದ-ಪಿಲ್ಲ. ಬ್ಯಾಂಕ್ ಅನ್ನುವಾಗ ನಾವು ಹೇಳುತ್ತೇವಲ್ಲ, ಆ ಸ್ವರದ ಗಿಡ್ಡ ರೂಪ ಅದು. ನಮಗೆ ಆ ಸ್ವರಕ್ಕೆ ಸ್ವಂತ ಅಕ್ಷರ ಇಲ್ಲ, ಯ ಒತ್ತು ಕೊಟ್ಟು ಹೇಗೋ ಸಂಭಾಳಿಸುತ್ತೇವೆ. ಅವರಿಗೆ ಗಿಡ್ಡಕ್ಕೊಂದು ಉದ್ದಕ್ಕೊಂದು ಅಕ್ಷರ, ಗಿಡ್ಡಕ್ಕೊಂದು ಉದ್ದಕ್ಕೊಂದು ಚಿಹ್ನೆ ಇದೆ.

ನೀವು ಕಾಗದದಲ್ಲಿ ರು ಪಕ್ಕ ಕಂಡ ಗೆರೆಯನ್ನು ಕೀಬೋರ್ಡಿನಲ್ಲಿ ಹುಡುಕಿದಿರಿ. ಅದೇ ಥರದ್ದು ಸಿಕ್ಕಿತು, ಒತ್ತಿದಿರಿ. ಅದು ಏದ-ಪಿಲ್ಲ. ಗುರು ಒಳಗೆ ಇರಬೇಕಾದ್ದು 3484, 3540, 3515, 3540. ಎರಡು ಸಲ 3540, ಕಣ್ಣಿಗೆ ಬೇರೆ ಕಂಡರೂ ಸಂಖ್ಯೆ ಒಂದೇ. ನೀವು ಒತ್ತಿದ್ದು 3484, 3540, 3515, 3536. ಹಾಗಾದರೆ ರ ಅಕ್ಷರಕ್ಕೆ ನಿಜವಾಗಿ ಏದ-ಪಿಲ್ಲ ಬಂದಾಗ ಏನಾಗುತ್ತದೆ? ಅದರ ಆಕಾರ ಸ್ವಲ್ಪ ಬದಲಾಗುತ್ತದೆ, ಜಾಗ ಬಿಟ್ಟುಕೊಡಬೇಕಲ್ಲ. ನಿಮ್ಮ ಸೊಸೆಯ ಕಣ್ಣು ಹಿಡಿದದ್ದು ಆ ಸ್ವಲ್ಪವನ್ನೇ. ಚಿಕ್ಕ ಮೊಬೈಲಿನಲ್ಲಿ, ತೆಳು ಫಾಂಟಿನಲ್ಲಿ ಅದು ನನಗೂ ಕಾಣುವುದಿಲ್ಲ.

ಈ ತಪ್ಪು ಎಲ್ಲೆಲ್ಲೂ ನುಸುಳುತ್ತದೆ, ಯಾಕೆಂದರೆ ರು ತುಂಬಾ ಓಡಾಡುವ ಅಕ್ಷರ. ರುಪಿಯಲ್, ಅಂದರೆ ಅವರ ರೂಪಾಯಿ, ಶುರುವಾಗುವುದೇ ರು ಇಂದ. ಬೆಲೆ ಚೀಟಿಯಲ್ಲಿ ಸುಮ್ನೆ ರು ಅಂತ ಬರೆದರೆ ರೂಪಾಯಿ ಅಂತ ಅರ್ಥ. ಉದ್ದದ್ದೂ ಹೀಗೆಯೇ. ರೂಪ ಅನ್ನುವಾಗಿನ ರೂ ಒಳಗೆ 3542 ಇರಬೇಕು. ಕಣ್ಣಿಗೆ ನಂಬಿ 3537 ಒತ್ತಿದರೆ ರಾತ್ರಿ ಅನ್ನುವ ಅವರ ಪದ ಆಗಿಬಿಡುತ್ತದೆ. ರೂಪ ಹೋಗಿ ಕತ್ತಲೆ ಬರುತ್ತದೆ. ಮೇಲೆ ಹೇಳಿದ ನಾರ್ಮಲೈಸೇಶನ್ ಇಲ್ಲಿ ಕೆಲಸಕ್ಕೆ ಬಾರದು. ಅಲ್ಲಿ ಎರಡು ಬರಹಕ್ಕೆ ಅರ್ಥ ಒಂದೇ ಇತ್ತು, ಇಲ್ಲಿ ಸ್ವರವೇ ಬೇರೆ.

ಟೀಚರ್, ನೀವು ಮಕ್ಕಳಿಗೆ ವು ಬರೆಯಲು ಹೇಳಿಕೊಟ್ಟದ್ದು ನೆನಪು ಮಾಡಿಕೊಳ್ಳಿ. ಗು, ರು, ತು ಎಲ್ಲಕ್ಕೂ ಕೊಂಬು ಪಕ್ಕದಲ್ಲಿ. ಪು, ಫು, ವು ಬಂದಾಗ ಮಾತ್ರ ಕೆಳಗೆ. ವ ಪಕ್ಕದಲ್ಲೇ ಕೊಂಬು ಹಾಕಿದರೆ ಮ ಆಗಿಬಿಡುತ್ತದೆ ಅಂತ ನೀವೇ ಬೋರ್ಡಿನ ಮೇಲೆ ತೋರಿಸಿರುತ್ತೀರಿ. ಅವರ ರು ಕೂಡ ಅಂಥದ್ದೇ ಒಂದು ಕೊಂಬಿನ ಕತೆ. ಇನ್ನು ಕಣ್ಣಿಗೆ ಕಂಡದ್ದನ್ನು ಒತ್ತುವ ಚಾಳಿ ನಮ್ಮಲ್ಲಿ ಕಡಿಮೆಯೇ? ಬೆ೦ಗಳೂರು ಅಂತ ಎಷ್ಟು ಜನ ಬರೆಯುವುದಿಲ್ಲ! ಈಗ ನಾನು ಬರೆದ ಈ ಬೆ೦ಗಳೂರಿನಲ್ಲಿ ಇರುವುದು ಅನುಸ್ವಾರ ಅಲ್ಲ, ಕನ್ನಡದ ಸೊನ್ನೆ ಅಂಕಿ. ಅನುಸ್ವಾರ 3202, ಸೊನ್ನೆ 3302. ನೂರು ಮನೆ ದೂರ, ಮುಖ ಮಾತ್ರ ಅವಳಿ-ಜವಳಿ. ಗೂಗಲ್‌ನಲ್ಲಿ ಬೇರೆ ಬೇರೆ ಫಲಿತಾಂಶ ಬಂದರೆ ಆಶ್ಚರ್ಯಪಡಬೇಡಿ.

ಮೆಸೇಜ್ ಬರೆಯುವಾಗ ಬರೆದದ್ದನ್ನು ನೋಡಬೇಡಿ, ಬಾಯಲ್ಲಿ ಹೇಳಿಕೊಳ್ಳಿ. ರ್, ಉ. ಉ ಚಿಹ್ನೆ ಯಾವ ಕೀಲಿ ಅಂತ ಪ ಅಥವಾ ಮ ಮೇಲೆ ಒತ್ತಿ ನೋಡಿ ಗುರುತಿಟ್ಟುಕೊಳ್ಳಿ, ರ ಮೇಲೂ ಅದನ್ನೇ ಒತ್ತಿ.

ಪ್ರಶ್ನೆ: ಶ್ರೀಲಂಕಾದ ‘ಶ್ರೀ’ ಕೆಲವು ಕಡೆ ಒಡೆದು ‘ಶ್‌ರೀ’ ಅಂತ ಕಾಣುತ್ತದೆ. ಇದೂ ಸ್ವರ ಚಿಹ್ನೆಯ ತೊಂದರೆಯೇ? (ಉಡುಪಿಯಿಂದ)

ಉತ್ತರ: ಅಲ್ಲ. ಇಲ್ಲಿ ಕಳೆದುಹೋಗಿರುವುದು ಕಾಣದ ಒಂದು ಸಂಖ್ಯೆ, 8205. ಜೀರೋ ವಿಡ್ತ್ ಜಾಯಿನರ್ ಅನ್ನುತ್ತಾರೆ, ಅಗಲವೇ ಇಲ್ಲದ ಕೊಂಡಿ. ಸಿಂಹಳದ ಶ್ರೀ ಒಳಗೆ 3521, 3530, 8205, 3515, 3539 ಅಂತ ಐದು ಇರಬೇಕು. ನಮ್ಮಲ್ಲಿ ಹಲಂತದ ಮುಂದೆ ವ್ಯಂಜನ ಬಂದರೆ ತಾನಾಗಿಯೇ ಒತ್ತಾಗುತ್ತದೆ, ಬೇಡ ಅನ್ನಬೇಕಾದರೆ ನಡುವೆ 8204 ಎಂಬ ಗೋಡೆ ಕಟ್ಟಬೇಕು. ರಾಜ್‌ಕುಮಾರ್ ಅಂತ ಬರೆಯುವಾಗ ಮಾಡುವುದು ಅದನ್ನೇ. ಸಿಂಹಳದಲ್ಲಿ ಉಲ್ಟಾ. ಸುಮ್ಮನಿದ್ದರೆ ಬಿಡಿಬಿಡಿ, ಕೂಡಬೇಕಾದರೆ ಕೊಂಡಿ ಹಾಕಬೇಕು. ಕಣ್ಣಿಗೆ ಕಾಣದ್ದೆಲ್ಲ ಕಸ ಅಂದುಕೊಂಡು ಗುಡಿಸುವ ಸಾಫ್ಟ್‌ವೇರುಗಳಿವೆ. ಅವು 8205ನ್ನೂ ಗುಡಿಸಿ ಹಾಕಿದರೆ ದೇಶದ ಹೆಸರೇ ಮುರಿಯುತ್ತದೆ.

ಕನ್ನಡದಲ್ಲೂ ಆ ಕೊಂಡಿಗೆ ಒಂದು ಕೆಲಸ ಇದೆ. ರ‍್ಯಾಂಕ್ ಅಂತ ರ ಪೂರ್ತಿ ನಿಲ್ಲಿಸಿ ಯ ಒತ್ತು ಕೊಡಬೇಕಾದರೆ ರ ಆದಮೇಲೆ 8205 ಬೇಕು. ಇಲ್ಲದಿದ್ದರೆ ರ್ಯಾಂಕ್ ಆಗಿ ಅರ್ಕಾವೊತ್ತು ಬಲಗಡೆ ಬಂದು ಕೂರುತ್ತದೆ.

ಪ್ರಶ್ನೆ: ಒಡೆದು ಬರೆದರೆ ಎಸ್ಸೆಮ್ಮೆಸ್ ಖರ್ಚು ಜಾಸ್ತಿ ಆಗುತ್ತದೆಯೇ?

ಉತ್ತರ: ಆಗುತ್ತದೆ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ. ಕನ್ನಡ, ಸಿಂಹಳ ಬಂದ ಕೂಡಲೇ 70. ಅದೂ ಅಕ್ಷರದ ಲೆಕ್ಕವಲ್ಲ, ಒಳಗಿನ ಸಂಖ್ಯೆಗಳ ಲೆಕ್ಕ. ಪೊಳೊನ್ನರುವ ಕೂಡಿಸಿ ಬರೆದರೆ 10, ಒಡೆದು ಬರೆದರೆ 12.

ಪ್ರಶ್ನೆ: ಕನ್ನಡಕ್ಕೆ ಇದೆಲ್ಲ ಮೊದಲೇ ಬಂತಲ್ಲ, ಸಿಂಹಳ ಯಾಕೆ ಹಿಂದೆ ಬಿತ್ತು? ಆಮೇಲೆ ಇಷ್ಟೆಲ್ಲ ಗೊಂದಲ ಇದೆ ಅಂತ ಗೊತ್ತಿದ್ದಮೇಲೆ ಪಟ್ಟಿಯನ್ನೇ ಒಮ್ಮೆ ತಿದ್ದಿಬಿಡಬಾರದೇ? (ಧಾರವಾಡದ ಕಾಲೇಜು ವಿದ್ಯಾರ್ಥಿ)

ಉತ್ತರ: ಮೊದಲನೆಯದಕ್ಕೆ ಚಿಕ್ಕ ಉತ್ತರ. ಕನ್ನಡ 1991ರ ಮೊದಲ ಆವೃತ್ತಿಯಲ್ಲೇ ಇತ್ತು, ಭಾರತದ ಇಸ್ಕೀ ಸಿದ್ಧವಾಗಿದ್ದರಿಂದ ಒಂಬತ್ತು ಲಿಪಿ ಒಟ್ಟಿಗೆ ಒಳಗೆ ಹೋದವು. ಲಂಕೆಯವರ ಸ್ವಂತ ಮಾನಕ, ಎಸ್‌ಎಲ್‌ಎಸ್ 1134, ಬಂದದ್ದು 1996ರಲ್ಲಿ. ಸಿಂಹಳ ಯೂನಿಕೋಡಿಗೆ ಸೇರಿದ್ದು 1999ರ 3.0 ಆವೃತ್ತಿಯಲ್ಲಿ. ವಿಂಡೋಸ್ ಜೊತೆಗೇ ಸಿಂಹಳ ಫಾಂಟು ಬರಲು ವಿಸ್ಟಾ ತನಕ ಕಾಯಬೇಕಾಯಿತು. ಆ ಫಾಂಟಿನ ಹೆಸರು ಇಸ್ಕೋಲ ಪೊತ, ಅಂದರೆ ಇಸ್ಕೂಲು ಪುಸ್ತಕ! ಅವರ ಇಸ್ಕೋಲ ಪೋರ್ಚುಗೀಸರಿಂದ ಬಂದದ್ದು, ನಮ್ಮ ಇಸ್ಕೂಲು ಇಂಗ್ಲಿಷರಿಂದ. ಅಲ್ಲಿಯವರೆಗೆ ಅವರೂ ನಮ್ಮ ಹಳೆಯ ಡಿಟಿಪಿ ಫಾಂಟುಗಳ ಹಾಗೆ, ಒಳಗೆ ಇಂಗ್ಲಿಷ್ ಅಕ್ಷರ, ಮೇಲೆ ಸಿಂಹಳದ ವೇಷ ಅಂತ ಕಾಲ ಹಾಕಿದರು. ಎಡಗಡೆಯ ಕೊಂಬುವ ಮೊದಲು ಒತ್ತುವ ಬೆರಳಿನ ಅಭ್ಯಾಸ ಆಗ ಇನ್ನಷ್ಟು ಗಟ್ಟಿಯಾಯಿತು.

ತಿದ್ದುವ ಮಾತು. ಆಗುವುದಿಲ್ಲ. ಒಮ್ಮೆ ಕೊಟ್ಟ ಸಂಖ್ಯೆ, ಒಮ್ಮೆ ಇಟ್ಟ ಹೆಸರು, ಒಮ್ಮೆ ಹೇಳಿದ ಒಡೆಯುವ ಕ್ರಮ, ಮೂರನ್ನೂ ಬದಲಿಸುವುದಿಲ್ಲ ಅಂತ ಯೂನಿಕೋಡ್‌ನವರು ಮಾತು ಕೊಟ್ಟಿದ್ದಾರೆ. ಇವತ್ತು ತಿದ್ದಿದರೆ ನಿನ್ನೆ ಬರೆದದ್ದು ನಾಳೆ ಸಿಗುವುದಿಲ್ಲ, ಹಾಗಾಗಿ ನನಗಂತೂ ಆ ಹಟ ಸರಿ ಅನ್ನಿಸುತ್ತದೆ. ಸಿಂಹಳದ ಐ ಚಿಹ್ನೆ ನೋಡಿ. ಹೆಸರು ಕೊಂಬು ದೆಕ, ಎರಡು ಕೊಂಬು ಅಂತ ಅರ್ಥ. ಅಕ್ಷರದ ಎಡಗಡೆ ನಿಜವಾಗಿ ಎರಡು ಕೊಂಬುವ ನಿಂತಿರುತ್ತವೆ. ಏ, ಒ, ಓ, ಔ ನಾಲ್ಕೂ ಕೊಂಬುವ ಮತ್ತು ಇನ್ನೇನೋ ಅಂತ ಒಡೆಯುತ್ತವೆ, ಇದೊಂದು ಮಾತ್ರ ಒಡೆಯುವುದಿಲ್ಲ. 3547 ಅಂದರೆ 3547, ಅಷ್ಟೇ. 3545 ಎರಡು ಸಲ ಬರೆದಿಟ್ಟರೆ ಅದು ಇದಕ್ಕೆ ಸಮ ಅಂತ ಯಾವ ಪಟ್ಟಿಯೂ ಹೇಳುವುದಿಲ್ಲ. ಅದಕ್ಕೇ ವಿಜೇಸೇಕರ ಕೀಬೋರ್ಡಿನಲ್ಲಿ ಕೊಂಬುವದ ಕೀಲಿಯನ್ನು ಎರಡು ಸಲ ಒತ್ತುವವನಿಗೆ ಒಳಗಿನ ಸಾಫ್ಟ್‌ವೇರು ಎರಡನ್ನೂ ಕಿತ್ತುಕೊಂಡು 3547 ಕೊಡಬೇಕು. ಯಾರೋ ಬರೆದ ಅಗ್ಗದ ಕೀಬೋರ್ಡು ಹಾಗೆ ಕೊಡದಿದ್ದರೆ ಆ ಬರಹ ಶಾಶ್ವತವಾಗಿ ಬೇರೆಯೇ.

ನಮ್ಮ ಬೀದಿಯಲ್ಲೂ ತಿದ್ದಲಾಗದ ಒಂದು ಫಲಕ ನೇತಾಡುತ್ತಿದೆ. ಹಳಗನ್ನಡದ ೞ ಗೊತ್ತಲ್ಲ. ಮನೆ ನಂಬರ್ 3294. ಪಟ್ಟಿ ಮಾಡಿದವರು ಅದರ ಹೆಸರನ್ನು ತಪ್ಪಾಗಿ ‘ಕನ್ನಡ ಲೆಟರ್ ಫಾ’ ಅಂತ ಬರೆದುಬಿಟ್ಟರು. ತಪ್ಪು ಅಂತ ಆಮೇಲೆ ಗೊತ್ತಾಯಿತು. ಹೆಸರು ಅಳಿಸುವಂತಿಲ್ಲವಾದ್ದರಿಂದ ಕೆಳಗೆ ಒಂದು ಅಧಿಕೃತ ಅಡ್ಡಹೆಸರು ಸೇರಿಸಿದರು. ಇಂಗ್ಲಿಷಿನ ಎಫ್ ದನಿಯ ಫ಼ ಬೇಕಾದವರು ಫ ಬರೆದು ಅದಕ್ಕೆ ನುಕ್ತೆ ಇಡುತ್ತಾರೆ. ೞ ಮಾತ್ರ ಪಟ್ಟಿಯಲ್ಲಿ ಇವತ್ತಿಗೂ ಫಾ.